ಎರಕದ ಉಸುಕು: ಒಂದು ಐತಿಹಾಸಿಕ ಅವಲೋಕನ

ನಿಡಗುಂದಿಯ ನಮ್ಮ ಮಠದ ಮಹಾದ್ವಾರದಲ್ಲಿ ಮೂರು ತಲೆಮಾರುಗಳಿಂದ ತೂಗುತ್ತಿದ್ದ ಕಂಚಿನ ಘಂಟೆಯು ಕಳೆದ ಶ್ರಾವಣಮಾಸದಲ್ಲಿ ಬಿರುಕುಬಿಟ್ಟಿತು. ಪ್ರಾತಃಕಾಲದ ಪೂಜೆಯ ಹೊತ್ತಿಗೆ ಊರ ಹೊರಗಿನ ಹೊಲಗಳವರೆಗೆ ಕೇಳಿಬರುತ್ತಿದ್ದ ಅದರ ನಾದವು ಒಡೆದ ಗಡಿಗೆಯ ಸದ್ದಿನಂತಾಯಿತು. ಪೇಟೆಯಿಂದ ಹೊಸದೊಂದನ್ನು ತರೋಣವೆಂದು ತರುಣರು ಸೂಚಿಸಿದರು. ಹಿರಿಯರು ಸುತರಾಂ ಒಪ್ಪಲಿಲ್ಲ. ಘಂಟೆಯ ಮೈಮೇಲೆ ಅದನ್ನು ಸಲ್ಲಿಸಿದ ರೈತ ಮನೆತನದ ಹೆಸರೂ ಸಂವತ್ಸರವೂ ಉಬ್ಬಕ್ಷರಗಳಲ್ಲಿ ಮೂಡಿದ್ದವು. ಆ ಮನೆತನದಲ್ಲಿ ಇಂದು ದೀಪ ಹಚ್ಚುವವರಿಲ್ಲ. ಅವರ ಹೆಸರು ಉಳಿದಿರುವುದು ಈ ಘಂಟೆಯ ಮೇಲೆ ಮಾತ್ರ. ಅದೇ ಲೋಹ ಮತ್ತೆ ನುಡಿಯಬೇಕು, ಅವೇ ಅಕ್ಷರಗಳು ಉಳಿಯಬೇಕು ಎಂಬುದು ಹಿರಿಯರ ಹಟವಾಗಿತ್ತು.

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ ಅಚ್ಚು ಕಟ್ಟುವ ಕೆಲಸಕ್ಕೆ ಸೇರಿದ ಶಿಷ್ಯರೊಬ್ಬರಿದ್ದಾರೆ. ಘಂಟೆಯನ್ನು ಅವರಲ್ಲಿಗೆ ಒಯ್ದೆವು. ಅವರು ಅದನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದರು: “ಅಪ್ಪಾರ, ಬೆಸುಗಿ ಹಚ್ಚಿದ್ರ ಬಿರುಕು ಮುಚ್ಚತೈತ್ರಿ, ನಾದ ಬರೂದಿಲ್ಲ. ಕರಗಿಸಿ ಮತ್ತ ಹೊಯ್ಯಬೇಕ್ರಿ.” “ಹಂಗಾದ್ರ ಅಕ್ಷರ ಹೋಗ್ತಾವಲ್ಲೋ ತಮ್ಮಾ?” ಎಂದು ಕೇಳಿದೆವು. “ಹೋಗೂದಿಲ್ರಿ. ಈ ಘಂಟೀನ ಮಾದರಿ ಮಾಡಿ ಅಚ್ಚು ಕಟ್ಟತೀನ್ರಿ. ಉಸುಕು ಅಕ್ಷರ ಹಿಡಕೋತೈತ್ರಿ” ಎಂದರು.

ಉಸುಕು ಅಕ್ಷರವನ್ನು ಹಿಡಿದುಕೊಳ್ಳುತ್ತದೆ ಎಂಬ ಈ ಮಾತು ನಮ್ಮ ಮನಸ್ಸಿನಲ್ಲಿ ಬಹುದಿನ ನಿಂತಿತು. ಗಾಳಿಗೆ ಹಾರುವ, ಮುಷ್ಟಿಯಿಂದ ಜಾರುವ ಉಸುಕನ್ನು ಅಸ್ಥಿರತೆಗೆ ಉಪಮಾನವಾಗಿ ಹೇಳುವುದು ವಾಡಿಕೆ. ಅಂಥ ವಸ್ತುವೇ ಕರಗಿದ ಲೋಹಕ್ಕೆ ಆಕಾರವನ್ನು ಕೊಡುತ್ತದೆ. ಈ ವಿದ್ಯೆಯ ಇತಿಹಾಸವನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಕಾಲಕ್ಕೆ ದೇವಾಲಯಕ್ಕೂ ಅರಮನೆಗೂ ಮೀಸಲಾಗಿದ್ದ ದೊಡ್ಡ ಎರಕದ ಕೆಲಸವು ಒಕ್ಕಲಿಗನ ಹೊಲದವರೆಗೆ ಬಂದುದು ಉಸುಕಿನ ದಾರಿಯಿಂದಲೇ ಎಂಬುದು ನಮ್ಮ ಪ್ರತಿಪಾದನೆ.

ಎರಕವೆಂದರೆ ಎರೆಯುವುದು, ಹೊಯ್ಯುವುದು. ಲೋಹವನ್ನು ಮೂಸೆಯಲ್ಲಿ ಕರಗಿಸಿ, ಮೊದಲೇ ಸಿದ್ಧಪಡಿಸಿದ ಅಚ್ಚಿನ ಪೊಳ್ಳಿನಲ್ಲಿ ಹೊಯ್ದು ಆರಲು ಬಿಟ್ಟರೆ ಅದು ಆ ಪೊಳ್ಳಿನ ರೂಪವನ್ನೇ ತಾಳುತ್ತದೆ. ಇದು ಹೇಳಲು ಸುಲಭ. ಆದರೆ ಅಚ್ಚು ಯಾವುದರಿಂದಾಗಬೇಕು, ಲೋಹದ ಉರಿಯನ್ನು ಹೇಗೆ ತಾಳಬೇಕು, ಒಳಗೆ ಹುಟ್ಟುವ ಹಬೆ ಎಲ್ಲಿಂದ ಹೊರಡಬೇಕು ಎಂಬುದರಲ್ಲಿಯೇ ವಿದ್ಯೆಯ ಮರ್ಮವೆಲ್ಲ ಅಡಗಿದೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ದೊರೆಯುವ ಪ್ರಾಚೀನ ಲಿಖಿತ ಆಧಾರಗಳಲ್ಲಿ ಮುಖ್ಯವಾದುದು ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಕ್ರಿ.ಶ. 1130ರ ಸುಮಾರಿಗೆ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ಮೇಣದ ಎರಕದ ವಿಧಾನವು ವಿವರವಾಗಿ ಬಂದಿದೆ. ಮೊದಲು ಮೂರ್ತಿಯನ್ನು ಮೇಣದಲ್ಲಿ ಮಾಡಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಅರಳೆ, ತುಸು ಉಪ್ಪು ಇವುಗಳನ್ನು ಕೂಡಿಸಿ ನುಣ್ಣಗೆ ಅರೆದ ಮಣ್ಣನ್ನು ಅದರ ಮೇಲೆ ಮೂರು ಸಲ ಲೇಪಿಸಬೇಕು. ಮೊದಲ ಲೇಪವು ತೆಳುವಾಗಿದ್ದು ನೆರಳಿನಲ್ಲಿ ಒಣಗಬೇಕು. ಬಳಿಕ ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿಯುತ್ತದೆ. ಅದು ಬಿಟ್ಟ ಜಾಗದಲ್ಲಿ ಲೋಹ ತುಂಬುತ್ತದೆ. ಎಷ್ಟು ಲೋಹ ಬೇಕೆಂಬುದನ್ನು ಮೇಣವನ್ನು ಮೊದಲೇ ತೂಗಿ ಲೆಕ್ಕ ಹಾಕುತ್ತಿದ್ದರು. ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ ಎಂದು ಗ್ರಂಥವು ಹೇಳುತ್ತದೆ. ಈ ಮೇಣದ ಎರಕವು ನಾಗಮಂಗಲದ ಕಂಚಿನ ಶಿಲ್ಪಿಗಳ ಕೈಯಲ್ಲಿ ನಮ್ಮ ಕಾಲದವರೆಗೆ ಬದುಕಿ ಬಂದಿದೆ.

ಈ ವಿಧಾನದ ಸೊಬಗು ಎಷ್ಟು ದೊಡ್ಡದೋ ಅದರ ವೆಚ್ಚವೂ ಅಷ್ಟೇ ದೊಡ್ಡದು. ಒಂದು ಮೂರ್ತಿಗೆ ಒಂದು ಮೇಣದ ಮಾದರಿ, ಒಂದು ಮಣ್ಣಿನ ಅಚ್ಚು. ಮೂರ್ತಿ ಹೊರಬರುವಾಗ ಎರಡೂ ನಾಶವಾಗಿರುತ್ತವೆ. ಎರಡನೆಯ ಮೂರ್ತಿ ಬೇಕಾದರೆ ಮೊದಲಿನಿಂದ ಪ್ರಾರಂಭಿಸಬೇಕು. ದೇವರ ಮೂರ್ತಿಗೆ ಇದು ಸಲ್ಲುತ್ತದೆ; ಊರಿನ ಪ್ರತಿಯೊಬ್ಬ ರೈತನಿಗೂ ಬೇಕಾದ ಸಲಕರಣೆಗೆ ಸಲ್ಲದು.

ಮಣ್ಣಿನ ಅಚ್ಚಿನ ವಿದ್ಯೆಯು ಎಷ್ಟು ದೊಡ್ಡ ಕೆಲಸವನ್ನು ಸಾಧಿಸಬಲ್ಲದೆಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ವಿಜಯಪುರದ ಕೋಟೆಯ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ನೋಡದ ವಾಚಕರು ವಿರಳ. ಇದನ್ನು 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬಾತನು ಎರಕ ಹೊಯ್ಯಿಸಿದನು. ಉದ್ದ 14 ಅಡಿಗೂ ಮಿಗಿಲು, ತೂಕ ಸುಮಾರು 55 ಟನ್ನು. 1565ರಲ್ಲಿ ನಮ್ಮ ಕೃಷ್ಣಾತೀರದ ರಕ್ಕಸಗಿ–ತಂಗಡಗಿಯ ರಣರಂಗದಲ್ಲಿ ಇದು ಗರ್ಜಿಸಿತೆಂಬ ಹೇಳಿಕೆಯಿದೆ. 1632ರಲ್ಲಿ ಪರಾಂಡ ಕೋಟೆಯಿಂದ ಇದನ್ನು ವಿಜಯಪುರಕ್ಕೆ ತಂದರು. ಎಳೆತರಲು 10 ಆನೆಗಳನ್ನೂ 400 ಎತ್ತುಗಳನ್ನೂ ಕಟ್ಟಿದರೆಂದು ಹೇಳುತ್ತಾರೆ. 1854ರಲ್ಲಿ ಆಂಗ್ಲ ಅಧಿಕಾರಿಗಳು ಇದನ್ನು ಹರಾಜಿಗಿಟ್ಟಾಗ ಬಂದ ಬೇಡಿಕೆ ಕೇವಲ 150 ರೂಪಾಯಿ. ಪುಣ್ಯವಶಾತ್ ಆ ಹರಾಜು ರದ್ದಾಯಿತು.

ಈ ತೋಪಿನ ಲೋಹದಲ್ಲಿ ಸುಮಾರು 4 ಪಾಲು ತಾಮ್ರಕ್ಕೆ 1 ಪಾಲು ತವರವಿದೆ. ಸಾಮಾನ್ಯವಾಗಿ ತೋಪಿನ ಕಂಚಿಗೆ ಇಷ್ಟು ತವರವನ್ನು ಕೂಡಿಸುವುದಿಲ್ಲ; ಇದು ಘಂಟೆಯ ಕಂಚು. ಆದ್ದರಿಂದಲೇ ಮಲಿಕ್-ಎ-ಮೈದಾನವನ್ನು ತಟ್ಟಿದರೆ ಘಂಟೆಯಂತೆ ನುಡಿಯುತ್ತದೆ. ತವರ ಹೆಚ್ಚಾದಷ್ಟೂ ನಾದ ಹೆಚ್ಚು, ಹಾಗೆಯೇ ಒಡೆಯುವ ಭಯವೂ ಹೆಚ್ಚು. ನಮ್ಮ ಮಠದ ಘಂಟೆ ಬಿರುಕುಬಿಟ್ಟುದಕ್ಕೂ ಈ ಗುಣವೇ ಕಾರಣವೆಂದು ಶಿಷ್ಯರು ವಿವರಿಸಿದಾಗ ಚಿಕ್ಕಂದಿನಿಂದ ಕಂಡ ಆ ತೋಪು ನಮಗೆ ಹೊಸದಾಗಿ ಅರ್ಥವಾಯಿತು.

ವಿಜಯಪುರದಲ್ಲಿಯೇ ಇನ್ನೊಂದು ಬಗೆಯ ತೋಪುಗಳೂ ಇವೆ. ಉಪಲಿ ಬುರುಜಿನ ಮೇಲಿನ ಉದ್ದ ತೋಪನ್ನಾಗಲಿ, ಲಂಡಾ ಕಸಾಬ್ ಎಂಬ ದೊಡ್ಡ ತೋಪನ್ನಾಗಲಿ ಲಕ್ಷ್ಯಗೊಟ್ಟು ನೋಡಿದರೆ ಅವು ಎರಕದವಲ್ಲವೆಂಬುದು ತಿಳಿಯುತ್ತದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ಬಿಗಿದು, ಕಮ್ಮಾರನು ಬಡಿದು ಮಾಡಿದವು ಅವು. ಕಬ್ಬಿಣವನ್ನು ನೀರಿನಂತೆ ಕರಗಿಸುವಷ್ಟು ಉರಿಯು ತಿದಿಯೂದುವ ಕುಲುಮೆಗೆ ಸುಲಭಸಾಧ್ಯವಾಗಿರಲಿಲ್ಲ. ಕಂಚು ಕರಗುತ್ತಿತ್ತು, ಕಬ್ಬಿಣವನ್ನು ಬಡಿಯಬೇಕಾಗಿತ್ತು.

ಆ ಕಾಲದ ಕಂಚಿನ ತೋಪುಗಳಿಗೆ ಅಚ್ಚನ್ನು ಹೇಗೆ ಕಟ್ಟುತ್ತಿದ್ದರು ಎಂಬುದನ್ನು ಇಟಲಿಯ ಬಿರಿಂಗುಚ್ಚೊ ಎಂಬವನ ಗ್ರಂಥದಿಂದ ತಿಳಿಯಬಹುದು. ಅದು 1540ರಲ್ಲಿ, ಅಂದರೆ ಮಲಿಕ್-ಎ-ಮೈದಾನಕ್ಕಿಂತ 9 ವರ್ಷ ಮುಂಚೆ, ವೆನಿಸ್ ನಗರದಲ್ಲಿ ಅಚ್ಚಾಯಿತು. ಮರದ ದಿಂಡಿಗೆ ಹಗ್ಗ ಸುತ್ತಿ, ಮಣ್ಣು ಮೆತ್ತಿ ತೋಪಿನ ರೂಪವನ್ನು ಮಾಡುವುದು. ಅದರ ಮೇಲೆ ನಾರು ಬೆರೆಸಿದ ಮಣ್ಣನ್ನು ಪದರು ಪದರಾಗಿ ಬಳಿದು ಒಣಗಿಸುವುದು. ಒಳಗಿನ ರೂಪವನ್ನು ತೆಗೆದುಹಾಕಿ, ನಡುವೆ ನಳಿಗೆಯ ರಂಧ್ರಕ್ಕಾಗಿ ಮಣ್ಣಿನ ಗಟ್ಟಿಯನ್ನು ನಿಲ್ಲಿಸುವುದು. ಸುಟ್ಟ ಅಚ್ಚನ್ನು ಕುಣಿಯಲ್ಲಿ ಹೂಳಿ ಲೋಹವನ್ನು ಹೊಯ್ಯುವುದು. ತೋಪೊಂದಕ್ಕೆ ಇಂಥ ಪ್ರಯಾಸವನ್ನು ಅರಸರ ಬೊಕ್ಕಸವು ಮಾತ್ರ ಭರಿಸಬಲ್ಲದಾಗಿತ್ತು.

ಇನ್ನು ಹಗುರವಾದ ಅಚ್ಚಿನ ಕಡೆಗೆ ಬರೋಣ. ಇದಕ್ಕೆ ನಮ್ಮ ನಾಡಿನ ಉತ್ತಮ ನಿದರ್ಶನವೆಂದರೆ ಬೀದರಿನ ಬಿದರಿ ಕಲೆ. ಬಹಮನಿ ಅರಸರ ಕಾಲದಿಂದ ನಡೆದುಬಂದ ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬಿದರಿ ಪಾತ್ರೆಗಳ ಕಪ್ಪುಬಣ್ಣವನ್ನೂ ಬೆಳ್ಳಿಯ ಕೆತ್ತನೆಯನ್ನೂ ಎಲ್ಲರೂ ಹೊಗಳುತ್ತಾರೆ. ಅವುಗಳ ಮೂಲದಲ್ಲಿರುವ ಎರಕದ ಕಡೆಗೆ ಲಕ್ಷ್ಯ ಹೋಗುವುದು ಕಡಿಮೆ. ಸತುವಿಗೆ ಸುಮಾರು 16ರಲ್ಲಿ 1ರಷ್ಟು ತಾಮ್ರವನ್ನು ಕೂಡಿಸಿ ಕರಗಿಸುತ್ತಾರೆ. ಉಸುಕುಮಣ್ಣಿಗೆ ಹರಳೆಣ್ಣೆ ಮತ್ತು ರಾಳವನ್ನು ಸೇರಿಸಿ ಹದಮಾಡಿ, ಮಾದರಿಯ ಸುತ್ತ ಒತ್ತಿ ಅಚ್ಚು ಕಟ್ಟುತ್ತಾರೆ. ಹೊಯ್ದ ಪಾತ್ರೆ ಆರಿದ ಮೇಲೆ ಅಚ್ಚನ್ನು ಒಡೆದು, ಅದೇ ಮಣ್ಣನ್ನು ಪುಡಿಮಾಡಿ ಪುನಃ ಹದಗೊಳಿಸುತ್ತಾರೆ. ಇಲ್ಲಿ ಮಾದರಿಯು ಕರಗಿಹೋಗುವುದಿಲ್ಲ, ಅಚ್ಚಿನ ಮಣ್ಣೂ ವ್ಯರ್ಥವಾಗುವುದಿಲ್ಲ. ಮೇಣದ ಎರಕಕ್ಕೂ ಇದಕ್ಕೂ ಇರುವ ಮುಖ್ಯ ಭೇದ ಇದೇ. ಒಂದು ಮಾದರಿಯಿಂದ ನೂರು ಪಾತ್ರೆಗಳನ್ನು ಹೊಯ್ಯಬಹುದು.

ಇದೇ ತತ್ತ್ವವು ಕಬ್ಬಿಣಕ್ಕೆ ಅನ್ವಯವಾದಾಗ ಲೋಕದ ಗತಿಯೇ ಬದಲಾಯಿತು. ಇಂಗ್ಲೆಂಡಿನಲ್ಲಿ ಹಿತ್ತಾಳೆಯ ಕೆಲಸ ಮಾಡುತ್ತಿದ್ದ ಅಬ್ರಹಾಂ ಡಾರ್ಬಿ ಎಂಬವನು ಕಬ್ಬಿಣದ ಅಡುಗೆ ಪಾತ್ರೆಗಳನ್ನು ಉಸುಕಿನ ಅಚ್ಚಿನಲ್ಲಿ ಹೊಯ್ಯುವ ವಿಧಾನಕ್ಕೆ 1707ರಲ್ಲಿ ಹಕ್ಕುಪತ್ರವನ್ನು ಪಡೆದನು. 1709ರಲ್ಲಿ ಕೋಲ್‌ಬ್ರೂಕ್‌ಡೇಲ್ ಎಂಬಲ್ಲಿ ಕಟ್ಟಿಗೆಯ ಇದ್ದಿಲಿಗೆ ಬದಲಾಗಿ ಕಲ್ಲಿದ್ದಲಿನಿಂದ ಮಾಡಿದ ಕೋಕನ್ನು ಉರಿಸಿ ಕಬ್ಬಿಣವನ್ನು ತೆಗೆದನು. ಎರಕದ ಕಬ್ಬಿಣದ ಪಾತ್ರೆಗಳು ಸಾಮಾನ್ಯರ ಮನೆಯ ಒಲೆಯನ್ನು ಏರಿದವು. ಮುಂದೆ ಉಗಿಯಂತ್ರಗಳ ಭಾಗಗಳೂ ಸೇತುವೆಗಳ ಕಮಾನುಗಳೂ ಎರಕದ ಕಬ್ಬಿಣದಿಂದಾದವು.

ಎರಕದ ಕಬ್ಬಿಣವನ್ನು ನಮ್ಮ ಕಡೆಯವರು ಬೀಡು ಎನ್ನುತ್ತಾರೆ. ಈ ಬೀಡು ನಮ್ಮ ಹೊಲಗಳಿಗೆ ಬಂದ ಕಥೆಯು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಿಂದ ಪ್ರಾರಂಭವಾಗುತ್ತದೆ. ಅಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದರು. 1888ರಲ್ಲಿ ಬೆಳಗಾವಿಯಲ್ಲಿ ಅವರ ಮನೆತನದ ಸಾಯಕಲ್ಲಿನ ಅಂಗಡಿ ಪ್ರಾರಂಭವಾಯಿತು. ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ 1903ರಲ್ಲಿ ಕಬ್ಬಿಣದ ನೇಗಿಲನ್ನೂ ಅವರು ತಯಾರಿಸಿದರು. 1910ರಲ್ಲಿ ಔಂಧ ಸಂಸ್ಥಾನದ ಒಡೆಯರು ಕೊಟ್ಟ ಬಂಜರು ಭೂಮಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಕಿರ್ಲೋಸ್ಕರವಾಡಿ.

ಮೊದಮೊದಲು ರೈತರು ಈ ನೇಗಿಲನ್ನು ಮುಟ್ಟಲಿಲ್ಲ. ಕಬ್ಬಿಣವು ಭೂತಾಯಿಗೆ ವಿಷವಾದೀತೆಂದು ಅಂಜಿದರು. ಆದರೆ ಕರಿಕೆ ಬೇರೂರಿದ ನಮ್ಮ ಎರೆಭೂಮಿಯಲ್ಲಿ ಮರದ ರಂಟಿಯು ಮೇಲುಮೇಲಕ್ಕೆ ಕೆರೆಯುತ್ತಿತ್ತು. ಕಬ್ಬಿಣದ ನೇಗಿಲು ಆಳಕ್ಕಿಳಿದು ಮಣ್ಣನ್ನು ಮಗುಚುತ್ತಿತ್ತು. ಕ್ರಮೇಣ ಅಂಜಿಕೆ ಹೋಯಿತು, ಬೇಡಿಕೆ ಬೆಳೆಯಿತು. ಪ್ರತಿಯೊಂದು ನೇಗಿಲಿಗೂ ಮೇಣದ ಮಾದರಿಯನ್ನು ಮಾಡಬೇಕಾಗಿದ್ದರೆ ಅದು ಯಾವ ರೈತನಿಗೂ ನಿಲುಕುತ್ತಿರಲಿಲ್ಲ. ಮರದ ಮಾದರಿಯೊಂದನ್ನು ಉಸುಕಿನಲ್ಲಿ ಒತ್ತಿ, ತೆಗೆದು, ಬೀಡನ್ನು ಹೊಯ್ದು, ಉಸುಕನ್ನು ಕೊಡವಿ ಮರುದಿನ ಪುನಃ ಒತ್ತುವ ಸೌಕರ್ಯವಿದ್ದುದರಿಂದಲೇ ನೇಗಿಲಿನ ಬೆಲೆ ಹೊಲದವನ ಕೈಗೆ ಎಟುಕಿತು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ದುರ್ಲಭವಾಗಿ ನೇಗಿಲಿನ ಕೆಲಸ ನಿಲ್ಲುವಂತಾದಾಗ, ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ನಿರುಪಯೋಗಿಯಾಗಿ ಬಿದ್ದಿದ್ದ ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರೆಂಬುದು ಪ್ರಸಿದ್ಧವಾಗಿದೆ. ಕೋಟೆಯ ತೋಪು ಉಸುಕಿನಲ್ಲಿ ಹರಿದು ನೇಗಿಲಾಯಿತು. ಎಂದೋ ಬೆಂಕಿಯುಗುಳಿದ ಲೋಹವು ಜೋಳದ ಹೊಲವನ್ನು ಉತ್ತಿತು.

1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಪ್ರಾರಂಭಿಸಿತು. ಮುಂದಿನ ದಶಕಗಳಲ್ಲಿ ಬಾವಿಯ ನೀರೆತ್ತುವ ಎಂಜಿನ್ನು ಮತ್ತು ಪಂಪುಗಳ ಬೇಡಿಕೆ ಹೆಚ್ಚಿದಂತೆ ಕೊಲ್ಹಾಪುರ, ಬೆಳಗಾವಿಗಳಲ್ಲಿ ಎರಕದ ಕಾರ್ಖಾನೆಗಳು ಬೆಳೆದವು. ಅವು ಇಂದು ಮೋಟಾರು ವಾಹನಗಳ ಭಾಗಗಳನ್ನೂ ಕವಾಟಗಳನ್ನೂ ದೇಶವಿದೇಶಗಳಿಗೆ ಕಳುಹಿಸುತ್ತಿವೆ. ಅಲ್ಲೆಲ್ಲ ಪ್ರಧಾನವಾಗಿ ನಡೆಯುವುದು ಹಸಿ ಉಸುಕಿನ ಎರಕ. ಅಚ್ಚನ್ನು ಸುಡದೆ, ತೇವವಿರುವಾಗಲೇ ಲೋಹವನ್ನು ಹೊಯ್ಯುವುದರಿಂದ ಅದಕ್ಕೆ ಆ ಹೆಸರು.

ಹಸಿ ಉಸುಕಿನ ಹದವನ್ನು ಶಿಷ್ಯರು ನಮಗೆ ತೋರಿಸಿಕೊಟ್ಟರು. 100 ಪಾಲು ಉಸುಕಿಗೆ 6ರಿಂದ 10 ಪಾಲು ಜಿಗುಟುಮಣ್ಣು, 3–4 ಪಾಲು ನೀರು. ಈ ಮಣ್ಣಿಗೆ ಬೆಂಟೊನೈಟ್ ಎಂದು ಹೆಸರು. ಅದು ಕಚ್ಛ ಮತ್ತು ರಾಜಸ್ಥಾನಗಳಿಂದ ಬರುತ್ತದೆ. ಬೀಡಿನ ಎರಕವಾದರೆ ತುಸು ಕಲ್ಲಿದ್ದಲಿನ ಪುಡಿಯನ್ನೂ ಕೂಡಿಸುತ್ತಾರೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಗುರುತು ಅದರಲ್ಲಿ ನಿಲ್ಲಬೇಕು. ಮುರಿದರೆ ಉದುರದೆ ಎರಡು ತುಂಡಾಗಬೇಕು. ನೀರು ಹೆಚ್ಚಾದರೆ ಹಬೆಯೆದ್ದು ಎರಕದಲ್ಲಿ ತೂತು ಬೀಳುತ್ತದೆ. ಕಡಿಮೆಯಾದರೆ ಅಂಚು ಕುಸಿಯುತ್ತದೆ. ಸಡಿಲಾಗಿ ತುಂಬಿದರೆ ಅಚ್ಚು ಉಬ್ಬುತ್ತದೆ. ಅತಿಯಾಗಿ ಬಡಿದರೆ ಕಣಗಳ ನಡುವಿನ ಸಂದು ಮುಚ್ಚಿ ಗಾಳಿ ಹೊರಡದು. ಸುಮಾರು 1400 ಸೆಲ್ಸಿಯಸ್ ಡಿಗ್ರಿಯ ಬೀಡು ಒಳಗೆ ಬಂದಾಗ ಉಸುಕು ನಿಲ್ಲಬೇಕು, ಗಾಳಿ ಹೊರಡಬೇಕು. ಈ ಎರಡನ್ನೂ ಏಕಕಾಲಕ್ಕೆ ಸಾಧಿಸುವುದೇ ಅಚ್ಚುಗಾರನ ವಿದ್ಯೆ. ರೊಟ್ಟಿಯ ಹಿಟ್ಟನ್ನು ನಾದುವ ತಾಯಂದಿರಿಗೆ ಹದವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಹೊಸ ವಿಧಾನಗಳೂ ಬಂದಿವೆ. ಉಸುಕಿಗೆ ಸೋಡಿಯಂ ಸಿಲಿಕೇಟನ್ನು ಬೆರೆಸಿ, ಇಂಗಾಲಾಮ್ಲ ಅನಿಲವನ್ನು ಹಾಯಿಸಿ ಕ್ಷಣಮಾತ್ರದಲ್ಲಿ ಕಲ್ಲಿನಂತೆ ಗಟ್ಟಿ ಮಾಡುವುದು ಒಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಕ್ರೋನಿಂಗ್ ಎಂಬವನು ರೂಢಿಸಿದ, ರಾಳ ಬೆರೆತ ಉಸುಕನ್ನು ಬಿಸಿ ಮಾದರಿಯ ಮೇಲೆ ಹರಡಿ ತೆಳುವಾದ ಚಿಪ್ಪಿನಂಥ ಅಚ್ಚನ್ನು ಮಾಡುವುದು ಇನ್ನೊಂದು. ಇವುಗಳಿಂದ ಎರಕವು ನುಣುಪಾಗಿ, ಅಳತೆಗೆ ಸರಿಯಾಗಿ ಬರುತ್ತದೆ. ಆದರೆ ಹೀಗೆ ಗಟ್ಟಿಯಾದ ಉಸುಕನ್ನು ಮರಳಿ ಬಳಸುವುದು ಹಸಿ ಉಸುಕಿನಷ್ಟು ಸುಲಭವಲ್ಲ. ಆದ್ದರಿಂದ ಬಳಸಿದ ಉಸುಕನ್ನು ಶುದ್ಧಗೊಳಿಸುವುದೇ ಇಂದು ಒಂದು ಪ್ರತ್ಯೇಕ ಉದ್ಯೋಗವಾಗಿದೆ.

ಪುನಃ ಘಂಟೆಯ ವಿಷಯಕ್ಕೆ ಬರೋಣ. ಶಿಷ್ಯರು ಬಿರುಕನ್ನು ಮೇಣದಿಂದ ಮುಚ್ಚಿ, ಘಂಟೆಯನ್ನು ಅಡ್ಡಲಾಗಿ ಮಲಗಿಸಿ, ಅರ್ಧ ಮೈ ಕೆಳಗಿನ ಪೆಟ್ಟಿಗೆಯಲ್ಲಿ, ಅರ್ಧ ಮೈ ಮೇಲಿನ ಪೆಟ್ಟಿಗೆಯಲ್ಲಿ ಬರುವಂತೆ ಉಸುಕನ್ನು ತುಂಬಿದರು. ಅಕ್ಷರಗಳಿದ್ದ ಬದಿಯನ್ನು ನೇರವಾಗಿ ಕೆಳಮುಖ ಮಾಡಿ, ಅದರ ಸುತ್ತ ಜರಡಿ ಹಿಡಿದ ನುಣುಪು ಉಸುಕನ್ನು ಉದುರಿಸಿದರು. ಪೆಟ್ಟಿಗೆಗಳನ್ನು ಬಿಡಿಸಿ ಘಂಟೆಯನ್ನು ಮೆಲ್ಲನೆ ಎತ್ತಿದಾಗ ಉಸುಕಿನಲ್ಲಿ ಆ ಮನೆತನದ ಹೆಸರು ತಿರುಗುಮುರುಗಾಗಿ ಮೂಡಿತ್ತು. ಸಾಲಿನ ಕೊನೆಯ ಎರಡು ಅಕ್ಷರಗಳ ಅಂಚು ಮಾತ್ರ ಕೆದರಿತ್ತು. ಅದನ್ನು ಅವರು ಸಣ್ಣ ಕರಣೆಯಿಂದ ಉಸುಕಿನಲ್ಲಿಯೇ ತಿದ್ದಿದರು. ಘಂಟೆಯ ಒಳಪೊಳ್ಳಿಗಾಗಿ ಬೇರೆ ಉಸುಕಿನ ಗಟ್ಟಿಯನ್ನು ಮಾಡಿ ಒಣಗಿಸಿದ್ದರು. ತದನಂತರ ಹಳೆಯ ಘಂಟೆಯನ್ನು ಒಡೆದು ಮೂಸೆಗೆ ಹಾಕಿದರು. ಆ ಸುತ್ತಿಗೆಯ ಏಟನ್ನು ನೋಡಲಾರದೆ ನಮ್ಮೊಡನೆ ಬಂದಿದ್ದ ಹಿರಿಯರು ಹೊರಗೆ ಹೋಗಿ ನಿಂತರು.

ಕರಗುವಾಗ ಲೋಹ ತುಸು ನಷ್ಟವಾಗುತ್ತದೆ. ಹೊಯ್ಯುವ ಕಾಲುವೆಗಳಲ್ಲಿಯೂ ಒಂದಿಷ್ಟು ನಿಲ್ಲುತ್ತದೆ. ಅದನ್ನು ತುಂಬಲು ಊರಿನ ತಾಯಂದಿರು ಹಳೆಯ ಗಂಗಾಳ, ತಂಬಿಗೆಗಳನ್ನು ಕೊಟ್ಟು ಕಳುಹಿಸಿದ್ದರು. ಶಿಷ್ಯರು ಒಂದೊಂದನ್ನೂ ತಟ್ಟಿ ನೋಡಿ ಕಂಚನ್ನು ಇಟ್ಟುಕೊಂಡರು. ಹಿತ್ತಾಳೆಯನ್ನು ಕೈಮುಗಿದು ಹಿಂದಿರುಗಿಸಿದರು. ಸತು ಬೆರೆತರೆ ನಾದ ಮಂಕಾಗುವುದಂತೆ. ಭಕ್ತಿ ಎಷ್ಟಿದ್ದರೂ ಲೋಹ ತನ್ನ ಧರ್ಮವನ್ನು ಬಿಡದು.

ಹೊಸ ಘಂಟೆ ಹಳೆಯದಕ್ಕಿಂತ ತುಸು ಚಿಕ್ಕದು. ಕಂಚು ಆರುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುವುದರಿಂದ, ಒಂದು ಅಡಿಯ ಘಂಟೆ 4–5 ಮಿಲಿಮೀಟರ್ ಕಡಿಮೆಯಾಗುತ್ತದೆ. ಎಂದೇ ಅಚ್ಚುಗಾರರು ಮರದ ಮಾದರಿಯನ್ನು ಯಾವಾಗಲೂ ಅಷ್ಟು ದೊಡ್ಡದಾಗಿಯೇ ಮಾಡಿಸುತ್ತಾರೆ. ಕಣ್ಣಿಗೆ ಈ ಭೇದ ತಿಳಿಯದು. ಅಕ್ಷರಗಳು ಓದುವಂತಿವೆ.

ಹೊಯ್ದ ಮೇಲೆ ಅಚ್ಚನ್ನು ಒಡೆಯುವಾಗ ಎದ್ದ ಧೂಳಿನಲ್ಲಿ ಶಿಷ್ಯರು ಕೆಮ್ಮಿದರು. ಆ ಕೆಮ್ಮು ಬೇಗ ನಿಲ್ಲಲಿಲ್ಲ. ನಾವು ಕೇಳಿದಾಗ, “ಇದು ಉಸುಕಿನ ಕೆಲಸದಾಗ ಇರೂದ್ರಿ ಅಪ್ಪಾರ” ಎಂದು ನಕ್ಕರು. ನಗುವ ವಿಷಯ ಇದಲ್ಲ. ಉಸುಕಿನ ಅತಿ ಸೂಕ್ಷ್ಮವಾದ ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶಗಳಲ್ಲಿ ಸೇರಿದರೆ ಸಿಲಿಕೋಸಿಸ್ ಎಂಬ ವ್ಯಾಧಿ ಬರುತ್ತದೆ. ಅದು ಬಂದ ಮೇಲೆ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯೇ ಇದನ್ನು ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಧೂಳೇಳದಂತೆ ನೀರು ಚಿಮುಕಿಸುವುದು, ಧೂಳನ್ನು ಹೀರುವ ಯಂತ್ರವನ್ನು ಇಡುವುದು, ಸರಿಯಾದ ಮುಖಕವಚವನ್ನು ಧರಿಸುವುದು ಇವು ಬಲ್ಲವರಿಗೆ ಹೊಸವಲ್ಲ. ಎರಕದ ಕೆಲಸದಲ್ಲಿರುವ ನಮ್ಮ ಶಿಷ್ಯರೂ, ಕಾರ್ಖಾನೆಗಳನ್ನು ನಡೆಸುತ್ತಿರುವ ಸದ್ಭಕ್ತರೂ ಇದನ್ನು ಅಲಕ್ಷಿಸಬಾರದು. ಕಾಯಕವು ದೇಹವನ್ನು ಸವೆಸುವುದು ಸಹಜ. ಅಕಾಲದಲ್ಲಿ ಉಸಿರನ್ನು ಕಸಿಯುವುದು ಸಹಜವಲ್ಲ.

ಮಲಿಕ್-ಎ-ಮೈದಾನದ ಮೇಲೆ ಅದನ್ನು ಹೊಯ್ಯಿಸಿದವನ ಹೆಸರು ಕೆತ್ತಲ್ಪಟ್ಟಿದೆ. ಅಚ್ಚಿಗೆ ಮಣ್ಣು ತುಳಿದವರ, ತಿದಿಯೂದಿದವರ ಹೆಸರುಗಳಿಲ್ಲ. ನಮ್ಮ ಘಂಟೆಯ ಮೇಲೆಯೂ ಸಲ್ಲಿಸಿದವರ ಹೆಸರಿದೆ, ಮೊದಲು ಅದನ್ನು ಹೊಯ್ದ ಕಂಚುಗಾರನ ಹೆಸರಿಲ್ಲ. ಅಚ್ಚನ್ನು ಒಡೆದಾಗ ಅದನ್ನು ಕಟ್ಟಿದವನ ಗುರುತೂ ಅದರೊಡನೆ ಹೋಗುತ್ತದೆ. ಆದ್ದರಿಂದ ಈ ವಿದ್ಯೆಯನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಮಾತುಗಳನ್ನು, ಸಲಕರಣೆಗಳ ಹೆಸರುಗಳನ್ನು, ಹದದ ಗುಟ್ಟುಗಳನ್ನು ಬರೆದಿಡುವುದು ವಿದ್ಯಾವಂತರಾದ ನಮ್ಮ ಹಳೆಯ ವಿದ್ಯಾರ್ಥಿಗಳ ಕರ್ತವ್ಯ. ಬರೆದು ಮಠಕ್ಕೆ ಕಳುಹಿಸಿದರೆ ಈ ಮಾಸಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸಲಾಗುವುದು.

ಹೊಸ ಘಂಟೆಯನ್ನು ದ್ವಾರದಲ್ಲಿ ಕಟ್ಟಿದ ದಿನ ಶಿಷ್ಯರು ಬೆಳಗಾವಿಯಿಂದ ಬಂದಿದ್ದರು. ಮೊದಲ ಸಲ ಬಾರಿಸಲು ಅವರಿಗೇ ಹೇಳಿದೆವು. ಅವರು ಸಂಕೋಚಪಟ್ಟು ಹಿಂದೆ ಸರಿದರು. ಹಿರಿಯರು ಕೈಹಿಡಿದು ಮುಂದೆ ತಂದರು. ನಾದ ಹಳೆಯದಕ್ಕಿಂತ ತುಸು ಎತ್ತರವಾಗಿ, ಸ್ವಚ್ಛವಾಗಿ ಹೊರಟಿತು. ಅಂದು ಊರ ಹೊರಗಿನ ಹೊಲದಲ್ಲಿದ್ದ ಒಕ್ಕಲಿಗರು ಸಂಜೆ ಮಠಕ್ಕೆ ಬಂದು, ನಾದ ಅಲ್ಲಿಯವರೆಗೆ ಕೇಳಿಸಿತೆಂದು ತಿಳಿಸಿದರು.